ಮೂತಿ ಗೋಡೆಗೆ ತಿರುಗಿಸಿದ್ದ ಕೀಸುಳಿ

ಸಿರಿಲ್ ಹೌಸ್ಲಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಶೆಫೀಲ್ಡಿನ ನಮ್ಮ ಮರಗೆಲಸದ ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ನಾವೆಲ್ಲ ಹಲಗೆಗಳ ಮೇಲೆ ಕಾಲು ಚಾಚಿದರೆ, ಅವನು ಮಗ್ಗು ಹಿಡಿದು ಬಾಗಿಲಿಗೂ ಒಲೆಗೂ ಅಲೆಯುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ನಗುತ್ತಿದ್ದೆವು. ಕಾರಣ ಗೊತ್ತಿದ್ದೂ ನಗುತ್ತಿದ್ದೆವು, ಅದು ಬೇರೆ ಮಾತು.

ಅವನು ಹುಡುಕುತ್ತಿದ್ದುದು ಅಪ್ಪನ ಕೀಸುಳಿಯನ್ನು, ಮರ ಹೆರೆದು ನಯ ಮಾಡುವ ಉಪಕರಣವನ್ನು. ಅಪ್ಪ ರೂಬೆನ್ ಲೀಡ್ಸಿನಲ್ಲಿ ಬಡಗಿಯಾಗಿದ್ದ. ಸಿರಿಲ್ ಚಿಕ್ಕವನಿದ್ದಾಗಲೇ ತೀರಿಕೊಂಡ. ಬಡಗಿ ಸತ್ತರೆ ಜೊತೆಗಾರರೆಲ್ಲ ಅವನ ಪೆಟ್ಟಿಗೆ ತೆರೆದು, ಒಂದೊಂದು ಉಪಕರಣ ಕೊಂಡು, ದುಡ್ಡನ್ನು ಹೆಂಡತಿಯ ಕೈಗಿಡುವುದು ನಮ್ಮ ರೂಢಿ. ಹಾಗೆ ಹೋದದ್ದು ಆ ಕೀಸುಳಿ, ಯಾರ ಕೈಗೆಂದು ಗೊತ್ತಿಲ್ಲ. ಹಾಲ್‌ರಾಯ್ಡ್ ಕಂಪನಿಯದು, ಬೀಚ್ ಮರದ್ದು. ಕಬ್ಬಿಣದ ಕೀಸುಳಿಗಳು ಬಂದ ಮೇಲೆ ಓರಗೆಯ ಎಷ್ಟೋ ಕಂಪನಿಗಳ ಹಾಗೆ ಅದೂ ಬಾಗಿಲು ಹಾಕಿತು. ಆದರೆ ಮರದ ಕೀಸುಳಿಯ ಮೂತಿಯ ಮೇಲೆ, ಅಂದರೆ ಮುಂತುದಿಯಲ್ಲಿ, ಮಾಡಿದವರ ಮುದ್ರೆ ಇರುತ್ತದೆ, ಕೆಳಗೆ ಯಜಮಾನನ ಹೆಸರಿನ ಅಚ್ಚು. ಕೈ ಬದಲಾದರೆ ಹೊಸಬ ತನ್ನ ಹೆಸರನ್ನು ಅದರ ಕೆಳಗೆ ಒತ್ತುತ್ತಾನೆ. ಹಳೆಯ ಹೆಸರು ಕೆರೆಯುವವನನ್ನು ನಾವು ಕಳ್ಳ ಎನ್ನುತ್ತೇವೆ.

ಹಾಗಾಗಿ ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತೆಂದರೆ ಸಿರಿಲ್ ಸಂತೆಯ ದಾರಿ ಹಿಡಿಯುತ್ತಿದ್ದ. ಬಾರ್ನ್ಸ್ಲಿ, ಡಾಂಕಾಸ್ಟರ್, ಚೆಸ್ಟರ್‌ಫೀಲ್ಡ್, ಎಲ್ಲೇ ಆಗಲಿ, ಹಳೇ ಸಾಮಾನಿನ ರಾಶಿ ಕಂಡರೆ ಕೀಸುಳಿ ಎತ್ತಿ, ಮೂತಿ ನೋಡಿ, ಇಟ್ಟು ಮುಂದೆ ಹೋಗುತ್ತಿದ್ದ. ಅವನ ಹೆಂಡತಿ ಮೇವಿಸ್ ಒಮ್ಮೆ ನನ್ನ ಹತ್ತಿರ, "ಲೆನರ್ಡ್, ಇವರು ನನ್ನ ಮುಖಕ್ಕಿಂತ ಕೀಸುಳಿ ಮೂತಿ ನೋಡಿದ್ದೇ ಹೆಚ್ಚು ಕಣಪ್ಪ" ಅಂದಿದ್ದಳು. ನಗಿಸಲು ಹೇಳಿದ್ದಲ್ಲ ಅದು.

ಸಿರಿಲ್‌ನ ಪಕ್ಕದ ಬೆಂಚಿನವನು ಅರ್ನೆಸ್ಟ್ ಬ್ಯಾಗ್‌ಶಾ. ಅವನಿಗೆ ಕೆಲಸ ಕಲಿಸಿದ ಎಡಚ. ನಾವೆಲ್ಲ ಕೀಸುಳಿಯನ್ನು ಅಲಗು ಕೆಡದಂತೆ ಪಕ್ಕಕ್ಕೆ ಮಲಗಿಸಿ ಸುಮ್ಮನಾದರೆ, ಅರ್ನೆಸ್ಟ್ ಯಾವಾಗಲೂ ತನ್ನದರ ಮೂತಿಯನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದ. ಮುದುಕನ ಚಾಳಿ ಎಂದು ಬಿಟ್ಟೆವು. ಇನ್ನೊಬ್ಬನ ಕೀಸುಳಿ ಮುಟ್ಟುವುದೆಂದರೆ ನಮ್ಮಲ್ಲಿ ಇನ್ನೊಬ್ಬನ ತಟ್ಟೆಗೆ ಕೈ ಹಾಕಿದಂತೆ.

ಒಂದು ಚಳಿಗಾಲ ಅರ್ನೆಸ್ಟ್‌ಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಯಿತು. ಕೋಲೂರಿಕೊಂಡು ಬಂದವನು ತನ್ನ ಪೆಟ್ಟಿಗೆ ತೆರೆಸಿ, ಬೇಕಾದ್ದು ತೆಗೆದುಕೊಳ್ಳಿ ಎಂದ. ಮೊದಲ ಸರದಿ ಪಕ್ಕದ ಬೆಂಚಿನವನದು. ಸಿರಿಲ್ ಅಭ್ಯಾಸದಂತೆ ಕೀಸುಳಿ ಎತ್ತಿ ಮೂತಿ ತಿರುಗಿಸಿದ.

ಹಾಲ್‌ರಾಯ್ಡ್. ಕೆಳಗೆ ಆರ್. ಹೌಸ್ಲಿ. ಅದರ ಕೆಳಗೆ ಇ. ಬ್ಯಾಗ್‌ಶಾ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇಲ್ಲಿ ಕೂಸು ಇದ್ದದ್ದು ಪಕ್ಕದವನ ಕಂಕುಳಲ್ಲಿ. ನನಗಂತೂ ಮೈಯೆಲ್ಲ ಉರಿದುಹೋಯಿತು. ದಿನಾ ಇವನ ಜೊತೆ ಬ್ರೆಡ್ಡು ಹಂಚಿಕೊಂಡು ತಿಂದಿದ್ದನಲ್ಲ ಈ ಮುದುಕ.

"ಗೊತ್ತಿತ್ತಾ?" ಸಿರಿಲ್ ಕೇಳಿದ.

"ನೀನು ಸೇರಿದ ವಾರ ನಿನ್ನ ಹೆಸರು ಕೇಳಿದಾಗಲೇ ಗೊತ್ತಾಯ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತಿದ್ದೆ ಕಣೋ. ಹೇಳಿದ್ರೆ ಕೊಡಬೇಕಿತ್ತು. ಅದಿಲ್ದೆ ನನ್ನ ಕೈ ಓಡ್ತಿರಲಿಲ್ಲ. ನೀನೂ ಒಂದಿನ ತೋರ್ಸು ಅನ್ನಲಿಲ್ಲ."

"ಇನ್ನೊಬ್ಬರ ಕೀಸುಳಿ ಮೇಲೆ ಕಣ್ಣು ಹಾಕಬೇಡ ಅಂತ ಕಲಿಸಿದ್ದು ನೀನೇ ಅಲ್ವಾ?"

ಸಿರಿಲ್ ಒಂದು ಓಕ್ ಹಲಗೆ ಬಿಗಿದು ಕೀಸತೊಡಗಿದ. ಕೀಸುಳಿ ತಡವರಿಸಿತು. ಅದರ ಹಿಂಬದಿಯ ಮರ ಎಡಗೈ ಹಿಡಿತಕ್ಕೇ ಸವೆದು ತಗ್ಗಾಗಿತ್ತು. ಅವನ ಬಲಗೈ ಜಾರುತ್ತಿತ್ತು. ಮರದ ಮೇಲೆ ಬೆರಳಾಡಿಸಿ ಅಪ್ಪನ ಬಲಗೈ ಸವೆಸಿದ ಗುರುತಿಗಾಗಿ ಹುಡುಕಿದ.

"ಹೆಸರಷ್ಟೇ ಅಪ್ಪನದು. ಹಿಡಿತ ಪೂರಾ ನಿಂದೇ ಅರ್ನೆಸ್ಟ್," ಅಂದ.

ಆದರೂ ಮನೆಗೆ ಒಯ್ದ. ತನ್ನ ಹೆಸರು ಮಾತ್ರ ಒತ್ತಲಿಲ್ಲ. ಇನ್ನಾದರೂ ಶನಿವಾರ ಗಂಡ ಮನೆಯಲ್ಲಿರುತ್ತಾನೆಂದು ಮೇವಿಸ್ ಮಾಂಸದ ಕಡುಬು ಮಾಡಿಟ್ಟಳು. ಆ ಶನಿವಾರ ನಾನು ಬಾರ್ನ್ಸ್ಲಿ ಸಂತೆಗೆ ಹೋದರೆ ಹಳೇ ಸಾಮಾನಿನ ರಾಶಿಯ ಮುಂದೆ ಇವನೇ.

"ಸಿಕ್ಕಿತಲ್ಲೋ ಮಾರಾಯ, ಇನ್ನೇನು ಹುಡುಕ್ತೀಯ?" ಅಂದೆ.

"ಒಂದೇ ಕೀಸುಳಿ ಇಟ್ಕೊಂಡ ಬಡಗೀನ ಎಲ್ಲಾದರೂ ನೋಡಿದ್ದೀಯಾ? ಅಪ್ಪನ ಬೇರೆಯವೂ ಎಲ್ಲೋ ಇರ್ತಾವೆ," ಅಂದ.

ಈ ಸಲ ಅವನು ಮೂತಿ ನೋಡುತ್ತಿರಲಿಲ್ಲ. ಒಂದೊಂದೇ ಕೀಸುಳಿಯ ಹಿಂಬದಿಗೆ ಬಲಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ.