ಕೋಚ್ ತುಳಿದ ಕಾಲು

ಚಹಾದ ಲೋಟವನ್ನು ಕೋಚ್ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಬಲಗೈಯ ನಡುವಿನ ಎರಡು ಬೆರಳು ಮಡಚುತ್ತಿರಲಿಲ್ಲ. ಮುಷ್ಟಿ ಕಟ್ಟಿಯೇ ಅನ್ನ ಸಂಪಾದಿಸಿದ ಕೈಗೆ ಕೊನೆಕೊನೆಗೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಇಷ್ಟು ಬರೆದು ಮಗಳಿಗೆ ಓದಿದೆ. "ಇಟ್ ವಾಸ್ ದ ಲೆಫ್ಟ್, ಅಮ್ಮಾ," ಎಂದಳು. ವರ್ಷಗಟ್ಟಲೆ ಆ ಕೈಗಳು ಹಿಡಿದ ಪ್ಯಾಡಿಗೆ ಗುದ್ದಿದವಳು ಅವಳು, ಬೆಂಚಿನ ಮೇಲೆ ಕೂತು ನೋಡಿದವಳು ನಾನು. ಆದರೂ ನನಗೆ ಕಾಣುವುದು ಬಲಗೈಯೇ. ಬದಲಾಯಿಸದೆ ಬಿಟ್ಟಿದ್ದೇನೆ. ಉಳಿದದ್ದನ್ನೂ ಇಷ್ಟೇ ನಂಬಬೇಕು.

ಇನ್ನೊಂದು ಮಾತು. ಅವರು ಆಡುತ್ತಿದ್ದದ್ದು ಇಂಗ್ಲೆಂಡಿನ ಉತ್ತರದ ಯಾವುದೋ ಬಂದರಿನ, ಅರ್ಧ ಅಕ್ಷರ ನುಂಗುವ ಇಂಗ್ಲಿಷ್. ನನ್ನ ತಲೆಯಲ್ಲಿ ಅದು ಮೈಸೂರಿನ ಕನ್ನಡವಾಗಿ ಉಳಿದುಬಿಟ್ಟಿದೆ. ಹಾಗೇ ಬರೆಯುತ್ತೇನೆ.

ಡಲ್ಲಾಸ್ ಪಕ್ಕದ ಮರ್ಫಿಯ ನಮ್ಮ ಮನೆಗೆ ಹತ್ತಿರ, ಇಂಡಿಯನ್ ಗ್ರೋಸರಿ ಇರುವ ಸಾಲಿನಲ್ಲೇ, ಟೈರ್ ಅಂಗಡಿಗೂ ಉಗುರಿಗೆ ಬಣ್ಣ ಹಚ್ಚುವ ಸಲೂನಿಗೂ ನಡುವೆ ಅವರ ಬಾಕ್ಸಿಂಗ್ ಜಿಮ್ ಇತ್ತು. ಒಂದು ರಿಂಗ್, ನೇತುಬಿಟ್ಟ ನಾಲ್ಕಾರು ಚೀಲ, ಒಂದು ಹಳೆಯ ಫ್ರಿಜ್. ಒಂದು ಕಾಲದಲ್ಲಿ ಅವರು ಬ್ರಿಟನ್ನಿನ ಚಾಂಪಿಯನ್. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ನಿಂತ ಫೋಟೋವನ್ನು ಬಾತ್‌ರೂಮಿಗೆ ಹೋಗುವ ಓಣಿಯಲ್ಲಿ, ಬಲ್ಬು ಕೆಟ್ಟುಹೋದ ಕಡೆ ತೂಗುಹಾಕಿದ್ದರು. ಬಸ್ ಕಂಡಕ್ಟರನ ಮಗ. ಬೆಲ್ಟ್ ಗೆದ್ದರು, ಮುಂದಿನ ಪಂದ್ಯದಲ್ಲೇ ಕಳೆದುಕೊಂಡರು. ಆಮೇಲೆ ದೊಡ್ಡ ಬಾಕ್ಸರುಗಳ ಅಭ್ಯಾಸಕ್ಕೆ ಎದುರು ನಿಂತು ಹೊಡೆಸಿಕೊಳ್ಳುವ ಕೆಲಸ. ಆ ಕೆಲಸವೇ ಅವರನ್ನು ಹ್ಯೂಸ್ಟನ್‌ಗೆ ತಂದಿತು. ಅಲ್ಲಿಂದ ಡಲ್ಲಾಸ್, ಒಬ್ಬ ನರ್ಸಿನ ಜೊತೆ ಮದುವೆ, ಈ ಜಿಮ್. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಆಸ್ಟಿನ್‌ನಲ್ಲಿ. ಇಷ್ಟು ಅವರ ಜೀವನಚರಿತ್ರೆ. ಇದನ್ನು ಅವರು ಹೇಳಿದ ಕ್ರಮ ಪ್ರತಿಸಲ ಬೇರೆ ಇರುತ್ತಿತ್ತು.

ಮಗಳನ್ನು ಅಲ್ಲಿಗೆ ಸೇರಿಸಿದಾಗ ನನ್ನ ಗಂಡ ಒಂದು ಸಲ ಬಂದು ನೋಡಿದರು. ಹುಬ್ಬಳ್ಳಿಯವರು, ಮಾತು ನುಂಗುವವರಲ್ಲ. ಕಾರಿಗೆ ವಾಪಸು ಬಂದು, "ಆ ಮನಷ್ಯಾನ ಮೂಗು ನೋಡಿದ್ಯಿಲ್ಲೋ? ಎರಡು ಕಡಿ ತಿರುಗೇದ. ನಮ್ಮ ಹುಡುಗಿಗೂ ಹಂಗ ಮಾಡಿ ಕಳಸ್ತಾರ ನೋಡು," ಎಂದರು.

"ಭರತನಾಟ್ಯಕ್ಕೆ ಕಳಿಸಿದಾಗ ಮಂಡಿ ಹೋಗತ್ತೆ ಅಂದ್ರಿ. ಈಗ ಮೂಗು."

"ಮಂಡಿ ಕಾಣಂಗಿಲ್ಲಲೆ, ಮೂಗು ಕಾಣ್ತದ."

ಮಗಳು ನನ್ನನ್ನು ಕರೆಯುವುದು ಕೇಳಿ ಕೋಚ್ ಕೂಡ ನನ್ನನ್ನು ಅಮ್ಮ ಎಂದೇ ಕರೆಯತೊಡಗಿದರು. ನನಗಿಂತ ಮೂವತ್ತು ವರ್ಷ ದೊಡ್ಡವರ ಬಾಯಲ್ಲಿ ಅದು ವಿಚಿತ್ರವಾಗಿ ಕೇಳಿಸುತ್ತಿತ್ತು. ನಾನು ತಿದ್ದಲಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ ಕೊಟ್ಟರೆ ನಿಂತಲ್ಲೇ, ಬಿಸಿ ಮಾಡದೆ, ಕಡಲೆಬೀಜ ಮೊದಲು ಆರಿಸಿ ತಿನ್ನುತ್ತಿದ್ದರು. ಯಾರನ್ನೂ ಹೊಗಳುತ್ತಿರಲಿಲ್ಲ. ತುಂಬ ಚೆನ್ನಾಗಿ ಮಾಡಿದರೆ "ಇನ್ನೊಂದ್ಸಲ" ಎನ್ನುವರು, ಕೆಟ್ಟದಾಗಿ ಮಾಡಿದರೂ "ಇನ್ನೊಂದ್ಸಲ." ಯಾವುದು ಯಾವುದಕ್ಕೆ ಎಂದು ಮಕ್ಕಳಿಗೆ ದನಿಯಲ್ಲಿ ಗೊತ್ತಾಗುತ್ತಿತ್ತು. "ನೋವಾದ್ರೆ ಹೇಳು, ಅಳು ಬಂದ್ರೂ ಹೇಳು. ಬೋರಾಗ್ತಿದೆ ಅಂತ ಮಾತ್ರ ಹೇಳಬೇಡ," ಇದು ಮೊದಲ ದಿನ ಎಲ್ಲರಿಗೂ ಹೇಳುವ ಮಾತು.

ಮಗಳನ್ನು ಮೊದಲ ಸಲ ಇನ್ನೊಬ್ಬ ಹುಡುಗಿಯ ಎದುರು ರಿಂಗಿಗೆ ಇಳಿಸಿದ ದಿನ ನಡೆದದ್ದು ಇದು. ಇಬ್ಬರೂ ಸುತ್ತು ಹಾಕುತ್ತಿದ್ದರು. ಮಗಳ ಕಾಲು ಆ ಹುಡುಗಿಯ ಕಾಲಿಗೆ ತಗುಲಿತು. ನಮ್ಮ ಹುಡುಗಿ ಬಲಗೈ ಇಳಿಸಿ, ಗ್ಲೌಸಿನಿಂದ ಎದುರಾಳಿಯ ತೋಳು ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು. ಆ ಹುಡುಗಿ ಸಿಕ್ಕಿದ್ದೇ ಅವಕಾಶವೆಂದು ಮೂಗಿಗೆ ಒಂದು ಕೊಟ್ಟಳು.

ಕೋಚ್ ಗಂಟೆ ಬಾರಿಸಿದರು. "ಏನದು? ಏನು ಮಾಡಿದೆ ನೀನು?"

ಮಗಳು ಮೂಗು ಹಿಡಿದುಕೊಂಡಿದ್ದಳು. ನಾನು ಬೆಂಚಿನಿಂದಲೇ ಹೇಳಿದೆ, "ಕಾಲು ತಗುಲಿದ್ರೆ ನಮ್ಮಲ್ಲಿ ಹಾಗೆ. ಮುಟ್ಟಿ ನಮಸ್ಕಾರ ಮಾಡ್ಕೋಬೇಕು. ತುಳಿದದ್ದು ತಪ್ಪಾಯ್ತು ಅಂತ."

"ಮುಖಕ್ಕೆ ಗುದ್ದಿದ್ರೆ?"

"ಅದಕ್ಕೇನೂ ಇಲ್ಲ."

"ಗುದ್ದಿದ್ದಕ್ಕೆ ತಪ್ಪಿಲ್ಲ, ಕಾಲು ತಗುಲಿದ್ದಕ್ಕೆ ತಪ್ಪು!"

"ಅಮ್ಮಾ, ಪ್ಲೀಸ್ ಸ್ಟಾಪ್ ಎಕ್ಸ್‌ಪ್ಲೇನಿಂಗ್," ಎಂದು ಮಗಳು ಕೂಗಿದಳು. ಎಲ್ಲರೂ ನಕ್ಕರು. ಕೋಚ್ ನಗಲಿಲ್ಲ ಎಂದು ನನ್ನ ನೆನಪು. ಮುಂದೆ ತಿಳಿದದ್ದರಿಂದ ಹಿಂದಕ್ಕೆ ಹೋಗಿ ಅವರ ಮುಖದಿಂದ ನಗು ನಾನೇ ತೆಗೆದಿದ್ದೇನೆಯೋ, ಗೊತ್ತಿಲ್ಲ.

ಆ ಅಭ್ಯಾಸ ಬಿಡಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಗ್ಲೌಸಿಗೂ ಕೆನ್ನೆಗೂ ನಡುವೆ ಟೆನಿಸ್ ಚೆಂಡು ಸಿಕ್ಕಿಸಿ, ಪ್ಯಾಡ್ ಹಿಡಿದು ಸುತ್ತುವಾಗ ಬೇಕೆಂದೇ ಅವಳ ಕಾಲು ತುಳಿಯುವರು. ಕೈ ಇಳಿದರೆ ಚೆಂಡು ಬೀಳುತ್ತದೆ. ಚೆಂಡು ಬಿತ್ತು ಎಂದರೆ, "ಇನ್ನೊಂದ್ಸಲ." ಚೆಂಡು ಬೀಳುವುದು ನಿಂತಿತು. ನಾನು ನೋಡುತ್ತಿದ್ದದ್ದು ಬೇರೆ. ಅವರು ಒಮ್ಮೆಯೂ ಕೆಳಗೆ ನೋಡುತ್ತಿರಲಿಲ್ಲ, ಆದರೂ ಅವರ ಕಾಲು ತಪ್ಪದೆ ಅವಳ ಪಾದದ ಮೇಲೇ ಬೀಳುತ್ತಿತ್ತು. ಎದುರಿನವರು ಹಿಂದೆ ಸರಿಯಲಾರದಂತೆ ಹೀಗೆ ಕಾಲು ತುಳಿದು ಹಿಡಿದು ಹೊಡೆಯುವವರಿದ್ದಾರೆ, ಅದು ಮೋಸ, ರೆಫರಿಗೆ ಕಾಣುವುದಿಲ್ಲ ಎಂದು ಅವಳಿಗೆ ತೋರಿಸಿಕೊಟ್ಟರು. "ನಿನಗೆ ಯಾರಾದ್ರೂ ಮಾಡಿದ್ರೆ ಗೊತ್ತಿರ್ಲಿ ಅಂತ. ನೀನು ಯಾವತ್ತೂ ಮಾಡಕೂಡದು."

"ನೋಡದೇ ಅಷ್ಟು ಸರಿಯಾಗಿ ಹೇಗೆ ತುಳೀತೀರಾ?" ಎಂದು ಒಮ್ಮೆ ಕೇಳಿದೆ. ಬಾಟಲಿಗೆ ನೀರು ತುಂಬಿಸಲು ಹೋದರು.

ಅಷ್ಟರಲ್ಲಿ ಅವರಿಗೆ ಮರೆವು ಶುರುವಾಗಿತ್ತು. ಜಿಮ್ಮಿನ ಬಾಗಿಲು ತೆಗೆದು, ಯಾಕೆ ತೆಗೆದೆ ಎಂದು ನಿಲ್ಲುವರು. ತಲೆಗೆ ತಿಂದ ಏಟುಗಳ ಫಲ, ಇದು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನ್ನ ಮಗಳು ಆಡಲಿದ್ದ ಹ್ಯೂಸ್ಟನ್‌ನ ಟೂರ್ನಮೆಂಟ್ ಮುಗಿದ ಮೇಲೆ ಜಿಮ್ ಮುಚ್ಚಿ ಆಸ್ಟಿನ್‌ಗೆ ಬರಬೇಕು ಎಂದು ಅವರ ಮಗಳು ಹಟ ಹಿಡಿದಿದ್ದಳು. ಒಪ್ಪಿಕೊಂಡಿದ್ದರು. "ಅಮ್ಮಾ, ರಿಂಗಿನ ನನ್ನ ಕಾರ್ನರಿನಲ್ಲಿ ನಿಂತು ಒಂದು ಚೊಕ್ಕ ಗೆಲುವು ನೋಡ್ಬೇಕು. ಅದು ನೆನಪಿರೋ ಅಷ್ಟು ತಲೆ ಇನ್ನೂ ಇದೆ. ಆಮೇಲೆ ಎಲ್ಲಾ ಹೋಗ್ಲಿ." ಅವರ ಕೈಕೆಳಗೆ ಉಳಿದಿದ್ದವರಲ್ಲಿ ಅಂಥ ಗೆಲುವಿಗೆ ಹತ್ತಿರವಿದ್ದವಳು ನನ್ನ ಮಗಳೊಬ್ಬಳೇ. ಸಹಾಯಕ್ಕಿದ್ದವನು ಬೇರೆ ಜಿಮ್ಮಿಗೆ ಹೋಗಿದ್ದ. ಹಾಗಾಗಿ ಪರೀಕ್ಷೆ ಬರೆದು, ಕಾರ್ನರಿನಲ್ಲಿ ನೀರು, ಟವೆಲ್ಲು ಹಿಡಿದು ನಿಲ್ಲುವ ಅನುಮತಿ ನಾನೇ ಪಡೆದೆ.

ಹ್ಯೂಸ್ಟನ್‌ಗೆ ನಾನು ಡ್ರೈವ್ ಮಾಡಿದೆ. ಮಗಳು ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಳು. ಅರ್ಧ ದಾರಿಯ ಮೇಲೆ ಅವರು ಇದ್ದಕ್ಕಿದ್ದಂತೆ, ನನ್ನ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟರು.

"ಬೆಲ್ಟ್ ಗೆದ್ದದ್ದು ಹಾಗೇ. ಆಗಿನ ಚಾಂಪಿಯನ್ ಎಡಗೈಯವನು. ಎಡಗೈಯವರ ಮುಂಗಾಲು ನಮ್ಮ ಮುಂಗಾಲಿಗೆ ಎದುರೇ ಇರುತ್ತೆ. ಅವನು ನನಗಿಂತ ಮುಂದಿದ್ದ, ಎಲ್ಲರಿಗೂ ಗೊತ್ತಿತ್ತು. ಅವನ ಕಾಲಿನ ಮೇಲೆ ಕಾಲಿಟ್ಟೆ. ಹೊಡೆದೆ. ಹಿಂದೆ ಸರಿಯೋಕೆ ಹೋದ, ಆಗಲಿಲ್ಲ. ಬಿದ್ದ. ತಲೆ ನೆಲಕ್ಕೆ ಬಡೀತು. ಹತ್ತು ಎಣಿಸೋದ್ರೊಳಗೆ ಎದ್ದೇಳಲಿಲ್ಲ."

"ರೆಫರಿ?"

"ನನ್ನ ಬೆನ್ನ ಹಿಂದೆ ಇದ್ದ."

"ಬೇಕಂತಲೇ ತುಳಿದ್ರಾ?"

"ಮೊದಮೊದಲು ಅಕಸ್ಮಾತ್ ಅಂತ ಅಂದ್ಕೊಂಡಿದ್ದೆ. ಆಮೇಲೆ ಬೇಕಂತಲೇ ಅಂತ ಗ್ಯಾರಂಟಿ ಆಯ್ತು. ಈಗ ನೆನಸ್ಕೊಂಡ್ರೆ ಎರಡೂ ಬರುತ್ತೆ. ಒಂದ್ಸಲ ಅದು, ಒಂದ್ಸಲ ಇದು."

ಶನಿವಾರದ ಪಂದ್ಯ ಮಗಳು ಗೆದ್ದಳು. ಭಾನುವಾರ ಮಧ್ಯಾಹ್ನ ಫೈನಲ್. ಎದುರಿಗೆ ಹ್ಯೂಸ್ಟನ್‌ನದೇ ಹುಡುಗಿ, ಉದ್ದನೆಯವಳು. ಎಡಗೈಯವಳು.

ಮೂರು ಸುತ್ತಿನ ಆಟ. ಮೊದಲನೆಯದು ಕೈತಪ್ಪಿತು. ಆ ಹುಡುಗಿಯ ತೋಳು ಎಲ್ಲಿಂದಲೋ ಬರುತ್ತಿತ್ತು. ಎರಡನೆಯದರಲ್ಲಿ ಮಗಳು ಒಳಗೆ ನುಗ್ಗಿ ಹೊಟ್ಟೆಗೆ ಹೊಡೆದಳು, ಸುತ್ತು ನಮ್ಮದಾಯಿತು. ಕೊನೆಯದರಲ್ಲಿ ಗೆದ್ದವರಿಗೆ ಎಲ್ಲ. ಅವಳು ಸ್ಟೂಲಿನ ಮೇಲೆ ಕುಸಿದಳು. ನಾನು ಅವಳ ಬಾಯಿಂದ ಹಲ್ಲಿನ ಗಾರ್ಡ್ ತೆಗೆದು ತೊಳೆದೆ. ನೀರು ಅವಳ ಎದೆಯ ಮೇಲೆಲ್ಲ ಚೆಲ್ಲಿತು. ಕೋಚ್ ಮಂಡಿಯೂರಿ ಅವಳ ಮುಖದ ಹತ್ತಿರ ಮುಖ ತಂದರು. ಅವರ ಕಣ್ಣು ಅಷ್ಟು ಚುರುಕಾಗಿದ್ದದ್ದು ಆ ವರ್ಷ ನಾನು ನೋಡಿರಲಿಲ್ಲ.

"ಅವಳ ಮುಂಗಾಲು. ಏನು ಮಾಡ್ಬೇಕು ಅಂತ ನಿನಗೆ ಗೊತ್ತು," ಎಂದರು.

ಮಗಳು ತಲೆ ಎತ್ತಿದಳು. "ಯಾವತ್ತೂ ಬೇಡ ಅಂದಿದ್ರಿ, ಕೋಚ್."

"ಇವತ್ತು ಬೇಕು."

ನಾನು ಏನಾದರೂ ಹೇಳಬಹುದಿತ್ತು. ಹೇಳುವಷ್ಟು ಹೊತ್ತು ಇರಲಿಲ್ಲ. ಗಂಟೆ ಹೊಡೆಯಿತು, ಗಾರ್ಡ್ ಬಾಯಿಗೆ ತುರುಕಿದೆ, ಸ್ಟೂಲ್ ಎಳೆದುಕೊಂಡೆ.

ಆ ಸುತ್ತಿನಲ್ಲಿ ನಾನು ಕೈಗಳನ್ನು ನೋಡಲೇ ಇಲ್ಲ. ನಾಲ್ಕು ಪಾದ ನೋಡಿದೆ. ಹತ್ತಿರ ಬರುತ್ತಿದ್ದವು, ಸವರಿಕೊಂಡು ಹೋಗುತ್ತಿದ್ದವು. ಪಕ್ಕದಲ್ಲಿ ಕೋಚ್ ಹಗ್ಗ ಹಿಡಿದಿದ್ದರು. ಸುತ್ತು ಮುಗಿಯಲು ಸ್ವಲ್ಪವೇ ಉಳಿದಿರುವಾಗ ಮಗಳ ಎಡಗಾಲು ಆ ಹುಡುಗಿಯ ಪಾದದ ಮೇಲೆ ಬಿತ್ತು. ಪೂರ್ತಿ ಬಿತ್ತು. ಆ ಹುಡುಗಿ ಹಿಂದೆ ಸರಿಯಲು ಹೋಗಿ ಸಿಕ್ಕಿಕೊಂಡಳು, ಅವಳ ಗದ್ದ ತೆರೆದುಕೊಂಡಿತು. ರೆಫರಿ ಆಚೆ ಕಡೆ ಇದ್ದ. ಮಗಳ ಬಲಗೈ ಸಿದ್ಧವಾಗಿತ್ತು. "ಈಗ," ಎಂದರು ಕೋಚ್, ಜೋರಾಗಿ ಅಲ್ಲ.

ಬಲಗೈ ಕೆಳಗಿಳಿಯಿತು. ಆ ಹುಡುಗಿಯ ತೋಳು ಮುಟ್ಟಿ, ಹಣೆಯ ಕಡೆ ಹೊರಟಿತು. ಹಣೆ ಮುಟ್ಟಲಿಲ್ಲ. ಅಷ್ಟರಲ್ಲಿ ಎಡಗೈ ಏಟು ಬಂದು ಮಗಳು ಹಗ್ಗಕ್ಕೆ ಬಡಿದುಕೊಂಡಳು. ರೆಫರಿ ಎಂಟರವರೆಗೆ ಎಣಿಸಿದ. ಮಗಳು ಮುಂದುವರಿಸಿದಳು, ಆದರೆ ಆಟ ಹೋಗಿತ್ತು. ಆ ಹುಡುಗಿಯ ಕೈಯನ್ನು ಮೇಲೆತ್ತಿದರು.

ಇದನ್ನು ಸಂಸ್ಕಾರದ ಗೆಲುವು ಎಂದು ಬರೆಯುವ ಆಸೆ ನನಗೂ ಆಗಿತ್ತು. ಮಗಳು ಬಿಡಲಿಲ್ಲ. "ಅಮ್ಮಾ, ಇಟ್ ವಾಸ್ ಜಸ್ಟ್ ಎ ಹ್ಯಾಬಿಟ್. ಐ ವಾಸ್ ಟಯರ್ಡ್. ಡೋಂಟ್ ಮೇಕ್ ಇಟ್ ಎ ಸ್ಟೋರಿ," ಎಂದಳು. ಅವಳು ಬೇಕೆಂದೇ ತುಳಿದಳೇ, ಬೇಕೆಂದೇ ಬಿಟ್ಟಳೇ ಎಂದು ಕೇಳಿದೆ. ಭುಜ ಕುಣಿಸಿದಳು.

ವಾಪಸು ಬರುವಾಗ ಕಾರಿನಲ್ಲಿ ಮಗಳು ಮೂಗಿಗೆ ಐಸ್ ಚೀಲ ಒತ್ತಿಕೊಂಡಿದ್ದಳು. ಹ್ಯೂಸ್ಟನ್ ದಾಟಿ ವುಡ್‌ಲ್ಯಾಂಡ್ಸ್ ಹತ್ತಿರ ಕೋಚ್ "ನಿಲ್ಲಿಸು" ಎಂದರು. ಗ್ಯಾಸ್ ಸ್ಟೇಷನ್ನಿನ ಪಾರ್ಕಿಂಗಿಗೆ ತಿರುಗಿಸಿದೆ. ವಾಂತಿ ಬಂದಿದೆಯೇನೋ ಎಂದುಕೊಂಡೆ.

"ನಾನು ಮಾಡು ಅಂದೆ. ನೀನು ಕೇಳಿಸ್ಕೊಂಡೆ," ಎಂದರು ನನಗೆ.

"ಹೂಂ."

"ನಾಳೆ ನಾನು ಹಾಗೆ ಅನ್ನಲೇ ಇಲ್ಲ ಅಂತ ಹೇಳಿದ್ರೆ, ಅಂದೆ ಅಂತ ನೀನು ಹೇಳ್ಬೇಕು. ನನ್ನ ತಲೆ ಅದನ್ನ ಚೊಕ್ಕ ಮಾಡಿಬಿಡುತ್ತೆ." ಆಮೇಲೆ ಹಿಂದಕ್ಕೆ ತಿರುಗಿ ಮಗಳಿಗೆ, "ತಪ್ಪಾಯ್ತು," ಎಂದರು. ಅವಳು ಹೆದರಿ, "ಇಟ್ಸ್ ಓಕೆ, ಕೋಚ್," ಎಂದಳು.

ಅಲ್ಲೇ ಕೂತು ಅವರು ಇಂಗ್ಲೆಂಡಿಗೆ ಫೋನ್ ಮಾಡಿದರು. ನಂಬರು ಎಷ್ಟು ಕಾಲದಿಂದ ಇಟ್ಟುಕೊಂಡಿದ್ದರೋ. ಒಂದು ಕಿವಿ ಕೇಳಿಸದ ಕಾರಣ ಸ್ಪೀಕರ್ ಹಾಕಿದ್ದರು, ಹಾಗಾಗಿ ನಾವಿಬ್ಬರೂ ಕೇಳಿದೆವು. ಆ ಕಡೆ ಒಬ್ಬ ಮುದುಕರು. ಅವರಿಂದಲೇ ಕೋಚ್ ಬೆಲ್ಟ್ ಕಿತ್ತುಕೊಂಡದ್ದು. ಕೋಚ್ ಹೆಸರು ಹೇಳಿ, ನಮಸ್ಕಾರ ಇಲ್ಲ ಏನಿಲ್ಲ, "ಅವತ್ತು ನಿನ್ನ ಕಾಲು ತುಳಿದಿದ್ದೆ," ಎಂದುಬಿಟ್ಟರು.

ಆ ಕಡೆ ಟೀವಿಯ ಸದ್ದು ನಿಂತಿತು.

"ನನ್ನ ಕಾಲು ಕಣೋ ಅದು. ನನಗೆ ಗೊತ್ತಿರಲ್ವಾ?"

ಕೋಚ್ ಫೋನನ್ನು ಮುಖದ ಹತ್ತಿರ ತಂದರು.

"ಇಷ್ಟು ವರ್ಷ ಯಾರೂ ನೋಡಿಲ್ಲ ಅಂದ್ಕೊಂಡು ಕೂತಿದ್ಯಾ, ಬೋಳೀಮಗನೇ? ಫೋನ್ ಮಾಡೋಕೆ ಇಷ್ಟು ವರ್ಷ ಬೇಕಾಯ್ತಾ?" ಬೈಗುಳ ಮುಂದುವರಿಯಿತು. ನಡುವೆ ಒಂದು ಕಡೆ ಅದು ನಗುವಾಯಿತು. ಯಾವಾಗ ಎಂದು ತಿಳಿಯಲಿಲ್ಲ. ಕೋಚ್ ಅಳುತ್ತಿದ್ದರು ಎಂದು ನಾನು, ಇಲ್ಲ ಎಂದು ಮಗಳು.

ಜಿಮ್ ಮುಚ್ಚಿತು. ಅವರು ಆಸ್ಟಿನ್‌ಗೆ ಹೋದರು. ಒಂದು ಭಾನುವಾರ ನಾವಿಬ್ಬರೂ ನೋಡಲು ಹೋದೆವು. ಅಷ್ಟರಲ್ಲಿ ನೆನಪು ಬಹಳ ಹೋಗಿತ್ತು. ನಾನು ಯಾರೆಂದು ತಿಳಿಯಲಿಲ್ಲ, ಮಗಳ ಮುಖ ನೋಡಿ ಕೈ ಮೇಲೆತ್ತಿ ಹಿಡಿ ಎಂದು ಸನ್ನೆ ಮಾಡಿದರು, ಅಷ್ಟೆ. ಹ್ಯೂಸ್ಟನ್‌ನ ಮಾತು ಅವರು ಎತ್ತಲಿಲ್ಲ. ನಾನು ಹೇಳಬೇಕಾದ್ದು ಹೇಳುವ ಸಂದರ್ಭ ಬರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಅವರು ಮಾಡು ಎಂದರು. ನಾನು ಕೇಳಿಸಿಕೊಂಡೆ.

ನಾವಿರುವಾಗಲೇ ಇಂಗ್ಲೆಂಡಿನಿಂದ ಫೋನ್ ಬಂತು. ಪ್ರತಿ ಭಾನುವಾರ ಬರುತ್ತದೆ ಎಂದು ಅವರ ಮಗಳು ಹೇಳಿದಳು. ಆ ಮುದುಕರು ಹಳೆಯ ಪಂದ್ಯವನ್ನು ಮೊದಲ ಸುತ್ತಿನಿಂದ ಹೇಳುತ್ತಾ ಹೋದರು. ಕೋಚ್ ಎಂದೂ ಕೇಳಿರದ ಕಥೆಯಂತೆ, ಕುರ್ಚಿಯ ತುದಿಗೆ ಬಂದು ಕೂತು ಕೇಳಿದರು.

"ಕೊನೆಗೆ ಯಾರು ಗೆದ್ದರು?" ಎಂದರು.

"ಈ ವಾರ ನೀನು."

"ಹೋದ ವಾರ?"

"ನಾನು."

ಕೋಚ್ ತಲೆಯಾಡಿಸಿದರು. "ಇನ್ನೊಂದ್ಸಲ," ಎಂದರು.

ಕೋಚ್ ತೀರಿಕೊಂಡದ್ದು ಒಂದು ಬುಧವಾರ. ಆ ವಾರ ಗೆಲ್ಲುವ ಸರದಿ ಯಾರದಿತ್ತೆಂದು ನಾನು ಯಾರನ್ನೂ ಕೇಳಿಲ್ಲ.