ಕರು ಎಂದು ಬರೆದ ನಾಯಿಗಳು

ನಾನು ಕಾಂಪೌಂಡರ್ ಆಗಿದ್ದ ಪಶು ಆಸ್ಪತ್ರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಅಂಚಿನಲ್ಲಿತ್ತು. ಎರಡು ಕೋಣೆ, ಮುಂದೊಂದು ಹೊಂಗೆ ಮರ, ಮರದ ಕೆಳಗೆ ದನ ನಿಲ್ಲಿಸಿ ಸೂಜಿ ಹಾಕುವ ಕಬ್ಬಿಣದ ಕಟಕಟೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಾಕ್ಟರು ಎರಡು ಆಸ್ಪತ್ರೆ ನೋಡಿಕೊಳ್ಳುತ್ತಿದ್ದರಿಂದ ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದರು. ಉಳಿದ ಮೂರು ದಿನ ಆಸ್ಪತ್ರೆ ಎಂದರೆ ನಾನೇ. ಆ ಮೂರು ದಿನದ ದರ್ಬಾರು ನನ್ನ ತಲೆಗೆ ಸ್ವಲ್ಪ ಏರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾಯಿಗೆ ಔಷಧ ಕೊಡಬಾರದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೆ ಬರುತ್ತಿದ್ದ ಔಷಧವೇ ಅಷ್ಟಿಷ್ಟು. ಅದು ಹಾಲು ಕೊಡುವ, ಹೊಲ ಗೇಯುವ ಪ್ರಾಣಿಗಳಿಗೆ ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ನಾಯಿ ತಂದವರಿಗೆ ಚೀಟಿ ಬರೆದು ಕೊಡುತ್ತಿದ್ದೆವು. ಅವರು ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ ಮೆಡಿಕಲ್ ಸ್ಟೋರಿನಲ್ಲಿ ಕೊಂಡು ತರಬೇಕು. ಹೆಚ್ಚಿನವರು ಆ ಚೀಟಿಯನ್ನು ಮಡಿಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, ನಾಯಿಯನ್ನು ಕರೆದುಕೊಂಡು ಸೀದಾ ಮನೆಗೆ ಹೋಗುತ್ತಿದ್ದರು.

ನನ್ನ ಈ ಚೀಟಿ ಬರೆಯುವ ಕೆಲಸ ನಿಲ್ಲಿಸಿದವಳು ಒಬ್ಬ ಹೆಂಗಸು. ಐವತ್ತರ ಆಸುಪಾಸು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ದಿನಗೂಲಿಗೆ ಕಸ ಗುಡಿಸುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಗಳನ್ನು ಹೊಸಕೋಟೆ ಕಡೆ ಕೊಟ್ಟಿದ್ದಳು. ಮನೆಯಲ್ಲಿ ಜೊತೆಗೆ ಇದ್ದದ್ದು ಕೆಂದು ಬಣ್ಣದ ಒಂದು ಹೆಣ್ಣು ನಾಯಿ. ಬೆಳಗ್ಗೆ ಅವಳನ್ನು ಬಸ್ ಸ್ಟಾಪಿನವರೆಗೆ ಕಳಿಸಿ ಬರುತ್ತಿತ್ತು. ಸಂಜೆ ಬಸ್ಸಿನ ಹೊತ್ತಿಗೆ ಮತ್ತೆ ಅಲ್ಲೇ ಹೋಗಿ ಕೂತಿರುತ್ತಿತ್ತು. ಅವಳು ಅದನ್ನು ಕೂಸು ಎನ್ನುತ್ತಿದ್ದಳು. ಊರಿನವರು ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಒಂದು ದಿನ ಆ ನಾಯಿಯ ಕಿವಿಯ ಹಿಂದೆ ಗಾಯವಾಗಿ ಹುಳ ಬಿದ್ದಿತ್ತು. ನಾನು ಪೆನ್ನು ತೆಗೆದದ್ದನ್ನು ನೋಡಿ ಅವಳು ಕೈ ಅಡ್ಡ ಹಿಡಿದಳು.

"ಚೀಟಿ ಬರೀಬ್ಯಾಡ ಕಣಪ್ಪ. ಅದ್ನ ಓದಕ್ಕೂ ಬರಲ್ಲ ನಂಗೆ, ಕೊಳ್ಳಕ್ಕೂ ಆಗಲ್ಲ. ನೀನೇ ಏನಾರ ಮಾಡು."

ನನಗೆ ರೇಗಿತು. ಯಾರ ಮೇಲೆ ಎಂದು ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಬೈದುಕೊಂಡೇ ಹುಳ ತೆಗೆದೆ, ಮುಲಾಮು ಹಚ್ಚಿದೆ, ಸೂಜಿ ಹಾಕಿದೆ. ಆಮೇಲೆ ರಿಜಿಸ್ಟರು ತೆರೆದು ಕೂತೆ. ದನ, ಎಮ್ಮೆ, ಕರು, ಕುರಿ, ಮೇಕೆ, ಕೋಳಿ, ನಾಯಿ ಎಂದು ಬೇರೆ ಬೇರೆ ಕಾಲಂ ಇದ್ದವು. ನಾಯಿಯ ಕಾಲಂನಲ್ಲಿ ಬರೆದರೆ ಔಷಧ ಯಾಕೆ ಖರ್ಚಾಯಿತು ಎಂದು ಮೇಲಿನವರು ಕೇಳುತ್ತಾರೆ. ಕರುವಿನ ಕಾಲಂನಲ್ಲಿ "ಕೆಂದು ಹೆಣ್ಣುಗರು, ಕಿವಿ ಹಿಂದೆ ಗಾಯ" ಎಂದು ಬರೆದೆ. ಬರೆದ ಮೇಲೆ ಮನಸ್ಸಿಗೆ ಹಿತವೆನಿಸಿತು.

ಸುದ್ದಿಗೆ ಕಾಲು ಬಂತು. ತಿಂಗಳೊಳಗೆ ಕೂಲಿಯವರು, ಕುರಿ ಮೇಯಿಸುವವರು, ಮಗ್ಗದ ಕೆಲಸಕ್ಕೆ ಹೋಗುವವರು, ಎಲ್ಲರೂ ನಾಯಿಗಳನ್ನು ಎಳೆದುಕೊಂಡು ಬರತೊಡಗಿದರು. ಗೇಟಿನ ಹತ್ತಿರವೇ "ಕರು ತಂದಿವ್ನಿ ಸಾ" ಎಂದು ಕೂಗಿ ಹೇಳುತ್ತಿದ್ದರು. ಒಬ್ಬ ಮುದುಕ ಚೀಲದಲ್ಲಿ ಬೆಕ್ಕನ್ನು ತಂದು, "ಇದ್ನ ಏನಂತ ಬರ್ಕೋತೀಯಪ್ಪ?" ಎಂದು ಗಾಬರಿಯಿಂದ ಕೇಳಿದ. ಮೇಕೆ ಮರಿ ಎಂದು ಬರೆದುಕೊಂಡೆ.

ಒಂದು ದಿನ ಡಾಕ್ಟರು ರಿಜಿಸ್ಟರಿನ ಪುಟ ತಿರುಗಿಸುತ್ತಾ, "ಏನ್ರೀ, ಈ ಊರಲ್ಲಿ ಹಸುಗಿಂತ ಕರುನೇ ಜಾಸ್ತಿ ಆಗ್ಬಿಟ್ಟಿದಾವಲ್ಲ?" ಎಂದರು. ಅವರು ನಕ್ಕು ಸಹಿ ಹಾಕಿದರು. ಆ ದಿನ ನಾನು ಮನೆಗೆ ಹೋಗುವಾಗ ನೆಲದ ಮೇಲೆ ಕಾಲಿಟ್ಟ ಹಾಗೇ ಇರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ನಾಯಿಯ ಕಾಲಂನಲ್ಲಿ ಇದ್ದವು ಎರಡೇ ನಾಯಿ. ತೋಟದ ಸಾಹುಕಾರರ ಅಲ್ಸೇಷಿಯನ್ ಒಂದು, ಕೋಳಿ ಫಾರಂ ಮಾಲೀಕರ ಬಿಳಿ ಪೊಮೆರೇನಿಯನ್ ಒಂದು. ಅವರು ಔಷಧವನ್ನು ತಾವೇ ಕೊಂಡು ತರುತ್ತಿದ್ದರಿಂದ ಆ ನಾಯಿಗಳನ್ನು ನಾಯಿ ಎಂದೇ ಬರೆಯಲು ನನಗೆ ಅಡ್ಡಿಯಿರಲಿಲ್ಲ.

ಆಗ ಮೇಲಿನಿಂದ ಒಂದು ಕಾಗದ ಬಂತು. ಹುಚ್ಚುನಾಯಿ ರೋಗಕ್ಕೆ ನಾಯಿಗಳಿಗೆ ಬಿಟ್ಟಿ ಲಸಿಕೆ ಹಾಕುತ್ತಾರಂತೆ. ಹಿಂದಿನ ವರ್ಷ ನಿಮ್ಮ ಆಸ್ಪತ್ರೆಗೆ ಎಷ್ಟು ನಾಯಿ ಬಂದಿವೆ ಎಂದು ಬರೆದು ಕಳಿಸಿ, ಅಷ್ಟಕ್ಕೆ ಲಸಿಕೆ ಕಳಿಸುತ್ತೇವೆ ಎಂದಿತ್ತು. ಬರೆದು ಕಳಿಸುವ ಕೆಲಸ ನನ್ನದು.

ಪೆನ್ನು ಹಿಡಿದು ತುಂಬಾ ಹೊತ್ತು ಕೂತೆ. ನಿಜವಾಗಿ ಬಂದಿದ್ದಷ್ಟು, ಅಂದರೆ ಅರವತ್ತು ಎಂದು ಬರೆಯಬಹುದಿತ್ತು. ಆದರೆ ಯಾರಾದರೂ ಬಂದು ರಿಜಿಸ್ಟರು ತೆಗೆದರೆ? ಅರವತ್ತು ನಾಯಿ ಎಲ್ಲಿ, ಇಷ್ಟೊಂದು ಕರುಗಳು ಯಾರವು ಎಂದರೆ? ನನ್ನ ಕೆಲಸ ಹೋಗುತ್ತದೆ, ಸಹಿ ಹಾಕಿದ ಡಾಕ್ಟರ ತಲೆಗೂ ಬರುತ್ತದೆ. ಹೆದರಿದೆ. "ಎರಡು" ಎಂದು ಬರೆದು ಟಪಾಲಿಗೆ ಹಾಕಿದೆ. ಐಸು ತುಂಬಿದ ಫ್ಲಾಸ್ಕಿನಲ್ಲಿ ಎರಡು ನಾಯಿಗೆ ಆಗುವಷ್ಟೇ ಲಸಿಕೆ ಬಂತು. ಎಲ್ಲಿಗೆ ಹೋಗಬೇಕೋ ಅಲ್ಲಿಗೇ, ಸಾಹುಕಾರರ ತೋಟಕ್ಕೂ ಕೋಳಿ ಫಾರಂಗೂ ಹೋಯಿತು.

ಆ ವಾರವೇ ಕೆಂದು ನಾಯಿಯ ಆ ಹೆಂಗಸು ಬಂದಳು.

"ಊರೊಳ್ಗೆ ಒಂದು ಹುಚ್ಚುನಾಯಿ ತಿರುಗ್ತಾ ಐತಂತೆ ಕಣಪ್ಪ. ಬಿಟ್ಟಿ ಸೂಜಿ ಬಂದೈತಂತಲ್ಲ, ನನ್ ಕೂಸ್ಗೂ ಒಂದ್ ಆಕ್ಬುಡು."

"ಖಾಲಿಯಾಯ್ತು ಕಣಕ್ಕ. ಮುಂದಿನ ಸಲ ಬಂದಾಗ ನಿಂದೇ ಮೊದ್ಲು" ಎಂದೆ. ಸಂಬಳ ಬಂದ ಮೇಲೆ ದೊಡ್ಡಬಳ್ಳಾಪುರದಿಂದ ನಾನೇ ಒಂದು ಕೊಂಡು ತರಬೇಕು ಎಂದುಕೊಂಡೆ. ಸಂಬಳ ಬಂತು. ಮನೆಯಲ್ಲಿ ಯಾರಿಗೋ ಜ್ವರ, ಯಾವುದೋ ಮದುವೆ, ಫ್ಲಾಸ್ಕು ಒಡೆದಿತ್ತು. ನೆಪಗಳಿಗೆ ನನ್ನ ಹತ್ತಿರ ಎಂದೂ ಬರವಿರಲಿಲ್ಲ.

ಎರಡು ತಿಂಗಳಾಗಿತ್ತೇನೋ. ಡಾಕ್ಟರಿಲ್ಲದ ಒಂದು ಬೆಳಗ್ಗೆ ಅವಳು ಒಬ್ಬಳೇ ಓಡಿಬಂದಳು.

"ಕೂಸ್ನ ಗಂಟ್ಲಾಗೆ ಮೂಳೆ ಸಿಕ್ಕಾಕ್ಕೊಂಡೈತೆ ಕಣಪ್ಪ. ಬಾಯಿ ಮುಚ್ಚಕ್ಕಾಯ್ತಿಲ್ಲ, ಜೊಲ್ಲು ಸುರೀತೈತೆ. ನೆನ್ನೆಯಿಂದ ಬಾಯೊಳ್ಗೆ ಬೆರಳಾಕಿ ಹುಡುಕ್ತಾ ಇವ್ನಿ, ಮೂಳೆ ಸಿಕ್ತಿಲ್ಲ."

ಅವಳ ಕೈ ನೋಡಿದೆ. ಪೊರಕೆ ಹಿಡಿದು ಒಡೆದ ಕೈ. ಬೆರಳುಗಳಲ್ಲಿ ಹಸಿ ಬಿರುಕು, ಒಂದೆರಡು ಕಡೆ ಹಲ್ಲು ತಾಗಿದ ಗೀರು. ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಸೋಪು ಹಚ್ಚಿ ತೊಳೆಸಿದೆ, ಮತ್ತೆ ಮತ್ತೆ ತೊಳೆಸಿದೆ. ಅವಳು ಮಾತ್ರ "ನನ್ ಕೈ ಬಿಡಪ್ಪ, ಅದ್ರ ಬಾಯಿ ನೋಡು ಬಾ" ಎನ್ನುತ್ತಲೇ ಇದ್ದಳು.

ಅವಳ ಮನೆಗೆ ಹೋಗಿ ದೂರದಿಂದ ನೋಡಿದೆ. ಹಿತ್ತಲ ಕಂಬಕ್ಕೆ ಹಳೇ ಸೀರೆಯಲ್ಲಿ ಕಟ್ಟಿದ್ದಳು. ಕೆಳದವಡೆ ಜೋತು ಬಿದ್ದಿತ್ತು. ಕಣ್ಣು ನಮ್ಮ ಕಡೆ ಇದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ಮೂಳೆ ಇಲ್ಲ, ಇದು ಹುಚ್ಚುನಾಯಿ ರೋಗ ಎಂದು ನಾನು ಹೇಳಬೇಕಾಯಿತು. ಅವಳು ನಂಬಲಿಲ್ಲ. ಮಾರನೇ ದಿನ ಡಾಕ್ಟರು ಬಂದು ಹೇಳಿದ ಮೇಲೂ ನಂಬಲಿಲ್ಲ. ಮೂರನೇ ದಿನ ನಾಯಿ ಸತ್ತಿತು.

ಅವಳು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಬೇಕಾಯಿತು. ದಿನಾ ಬಸ್ಸಿನಲ್ಲಿ ಹೋಗಿ, ಲೈನಿನಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು ವಾಪಸ್ಸು ಬರುವುದು. ಬಸ್ ಚಾರ್ಜು ನಾನು ಕೊಟ್ಟೆ. ಅದು ನಾನು ಮಾಡಿದ ದೊಡ್ಡ ಉಪಕಾರ! ಹದಿನೈದನೇ ದಿನ ಫ್ಯಾಕ್ಟರಿಗೆ ಹೋದರೆ ಅವಳ ಜಾಗದಲ್ಲಿ ಬೇರೆಯವಳು ಗುಡಿಸುತ್ತಿದ್ದಳು.

ಸೂಜಿ ಹಾಕುವ ಆಸ್ಪತ್ರೆಯವರು ನಾಯಿಗೆ ಏನಾಗಿತ್ತು ಎಂದು ನಮ್ಮಿಂದ ಕಾಗದ ಕೇಳಿದ್ದರು. ಅದಕ್ಕಾಗಿ ರಿಜಿಸ್ಟರಿನ ನಾಯಿ ಕಾಲಂನಲ್ಲಿ ಮೊದಲ ಸಲ ಅದನ್ನು ಬರೆದೆ. ಕೆಂದು ಬಣ್ಣ, ಹೆಣ್ಣು, ನಾಯಿ. ಎರಡು ವರ್ಷ ಕರುವಾಗಿದ್ದ ಅದು ಸತ್ತ ಮೇಲೆ ನಾಯಿಯಾಯಿತು.

ಮುಂದಿನ ವರ್ಷವೂ ಅದೇ ಕಾಗದ ಬಂತು. ನಾನು ಆಗಲೂ ಹೆದರಿದೆ. ರಿಜಿಸ್ಟರಿನಲ್ಲಿದ್ದಷ್ಟನ್ನೇ ಬರೆದು ಕಳಿಸಿದೆ. ಮೂರು ನಾಯಿಗೆ ಲಸಿಕೆ ಬಂತು.

ಮೂರನೆಯದು ಅವಳ ಹೆಸರಿನದು. ಯಾಕೆ ಹೋದೆನೋ ಗೊತ್ತಿಲ್ಲ, ಅವಳ ಮನೆಗೆ ಹೋಗಿ ಹೇಳಿದೆ. ಅವಳು ಬಾಗಿಲಲ್ಲಿ ಕೂತು ಯಾರದೋ ಮನೆಯ ಹುಣಸೆಹಣ್ಣು ಕೂಲಿಗೆ ಜಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗ್ಯಾಕಪ್ಪ ಈಗ. ಲೈನಾಗೆ ಮೊದ್ಲು ಯಾರು ನಿಂತವ್ರೋ ಅವ್ರ ನಾಯ್ಗೆ ಆಕ್ಬುಡು."

ಆಸ್ಪತ್ರೆಗೆ ಬಂದೆ. ಗೇಟಿನ ಹತ್ತಿರ ಏಳೆಂಟು ಜನ ನಾಯಿ ಹಿಡಿದುಕೊಂಡು ನಿಂತಿದ್ದರು. ಮೊದಲು ನಿಂತಿದ್ದವನು ನನ್ನನ್ನು ನೋಡಿ ನಗುತ್ತಾ ಹಗ್ಗ ಎತ್ತಿ ತೋರಿಸಿದ.

"ಕರು ತಂದಿವ್ನಿ ಸಾ" ಎಂದ.