ಇಪ್ಪತ್ತು ಮೈಕ್ರೊ ಆಂಪಿಯರ್

ನಿನ್ನೆ ಲ್ಯಾಬಿನಲ್ಲಿ ಯಾರೋ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ಎದುರು ಮನೆಯ ಮಾಮ ನೆನಪಾದರು... ಸೇಲಂನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ಹೇಳಿ ಸಾಕಾಗಿದೆ ನನಗೆ. ಆದರೂ ಈ ವಾಸನೆಗೆ ಮಾತ್ರ ಇನ್ನೂ ಒಗ್ಗಿಕೊಂಡಿಲ್ಲ.

ಮಾಮ ಸಬ್ಬಕ್ಕಿ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಅರೆಯುವ ಯಂತ್ರಕ್ಕೆ ಮರಗೆಣಸು ತಳ್ಳುವ ಹೆಂಗಸರ ಕೈ ಎಲ್ಲಿ ಸಿಕ್ಕಿಬಿಡುತ್ತದೋ ಎಂಬುದೇ ಅವರ ಚಿಂತೆ. ಗೆಣಸು ಜಾರುವ ಜಾಗದಿಂದ ಗೇಣು ಮೇಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಕೈ ಅಡ್ಡ ಬಂದರೆ ಯಂತ್ರ ನಿಲ್ಲುವ ಹಾಗೆ ಮಾಡಿಕೊಡು ಎಂದು ನನ್ನನ್ನು ಕೇಳಿದರು. ಆಗ ನಾನು ಡಿಪ್ಲೊಮಾ ಕೊನೇ ವರ್ಷದಲ್ಲಿದ್ದೆ.

ನಮ್ಮ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಬೆಳಕು ಬಿದ್ದಾಗ ಲಕ್ಷ ಓಮ್‌ನ ರೆಸಿಸ್ಟರಿನ ಮೇಲೆ ಎರಡು ವೋಲ್ಟ್. ಭಾಗಿಸಿದರೆ, ಬೆಳಕನ್ನು ಗುರುತಿಸುವ ಫೋಟೊಡಯೋಡಿನಲ್ಲಿ ಹರಿಯುವುದು ಇಪ್ಪತ್ತು ಮೈಕ್ರೊ ಆಂಪಿಯರ್. ಬೆಳಕು ತಡೆದರೆ ಸೊನ್ನೆ, ಕರೆಂಟು ಇಳಿದದ್ದೇ ಯಂತ್ರ ನಿಲ್ಲಬೇಕು. ಎಂಟನೇ ಕ್ಲಾಸಿಗೆ ಓದು ಬಿಟ್ಟ ಮಾಮ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಬಿಸ್ಲಾಗೂ ಒಂದ್ ತಡವೆ ನೋಡಾಣ್ವಾ ತಾಯಿ?”

ಬಿಸಿಲೇ ಬೇರೆ, ಇನ್‌ಫ್ರಾರೆಡ್ಡೇ ಬೇರೆ ಮಾಮ ಎಂದು ನಕ್ಕುಬಿಟ್ಟೆ. ಅರ್ಧ ತುಂಬಿದ ಕೊಡ ತುಳುಕುವುದು ಹೀಗೆಯೇ.

ಮಾಮ ಅದನ್ನು ಬೆಸೆದು, ವಯರು ಕೊಟ್ಟು, ಮಿಲ್ಲಿನಲ್ಲಿ ಕೂರಿಸಿದರು. ಮೊದಲ ದಿನ ಬೆಳಿಗ್ಗೆ ನೆರಳಿನಲ್ಲಿ ಯಂತ್ರ ಪ್ರತಿ ಸಲವೂ ಸರಿಯಾಗಿ ನಿಂತಿತು. ಮಧ್ಯಾಹ್ನ ನಿಂಬೆಹಣ್ಣು ಕೊಯ್ದು, ಕರ್ಪೂರ ಹಚ್ಚಿ, ಹೆಂಗಸರಿಗೆ ಧೈರ್ಯ ಬರಲೆಂದು ಮಾಮ ತಾವೇ ಕೈಯಿಟ್ಟು ತೋರಿಸಿದರು. ಹೊಸದನ್ನು ಕೂರಿಸಿದವನ ಕೈಯೇ ಮೊದಲು ಹೋಗಬೇಕು ಎಂಬುದು ಅವರ ಪದ್ಧತಿ. ಅಷ್ಟರಲ್ಲಿ ಚಾವಣಿಯ ಶೀಟಿನ ಸಂದಿಯಿಂದ ಬಿಸಿಲು ನೇರವಾಗಿ ಡಯೋಡಿನ ಮೇಲೆ ಬಿದ್ದಿತ್ತು. ಕೈ ಅಡ್ಡ ಬಂದರೂ ಕರೆಂಟು ಇಳಿಯಲಿಲ್ಲ, ಯಂತ್ರ ನಿಲ್ಲಲಿಲ್ಲ. ಬಲಗೈಯ ಎರಡು ಬೆರಳು ಹೋದವು...

ಬಿಸಿಲಲ್ಲೂ ಇನ್‌ಫ್ರಾರೆಡ್ ತುಂಬಿರುತ್ತದೆಂದು ಅವತ್ತೇ ಪುಸ್ತಕ ತೆಗೆದು ತಿಳಿದುಕೊಂಡೆ. ತಪ್ಪು ಒಪ್ಪಿಕೊಳ್ಳಬೇಕೆಂದೇ ಆಸ್ಪತ್ರೆಗೆ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಮಾಮನೇ ಕೇಳಿದರು.

“ನಿನ್ ಲೆಕ್ಕ ಸರಿಯಾಗೇ ಐತಲ್ವಾ ತಾಯಿ?”

“ಸರಿಯಾಗೇ ಐತೆ ಮಾಮ.”

“ಅಂಗಾರೆ ವಯರು ನಾನೇ ತಪ್ಪಾಗಿ ಕೊಟ್ಟಿರ್ಬೇಕು ಬುಡು.”

ಮಿಲ್ಲಿನವರಿಗೂ ಹಾಗೆಯೇ ಹೇಳಿ ಕೆಲಸ ಬಿಟ್ಟರು. ಆಮೇಲೆ ಬೀದಿಯವರು ಫ್ಯಾನು ಹಾಕಿಕೊಡಿ ಎಂದು ಕರೆದರೂ ಹೋಗುತ್ತಿರಲಿಲ್ಲ. ನನ್ನ ಕೆಲಸ ನಂಬಬೇಡಿ ಅನ್ನುತ್ತಿದ್ದರು. ಎದುರು ಮನೆಯಲ್ಲೇ ಇದ್ದ ನಾನು ದಿನಾ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ನಾಚಿಕೆಯಾಗುತ್ತದೆ.

ಮಾಮ ತೀರಿಕೊಂಡು ಆರು ವರ್ಷವಾಯಿತು. ಮೊದಲು ಬಿಸಿಲಿನಲ್ಲಿಟ್ಟು ಅಳೆಯಿರಿ, ಲೆಕ್ಕ ಆಮೇಲೆ ಎಂದು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ತುಂಬ ಹುಷಾರಿನ ಮೇಡಂ ಎಂದು ಹುಡುಗರು ನನ್ನನ್ನು ಹೊಗಳುತ್ತಾರೆ. ಮಾಮ ಕೊಟ್ಟ ವಯರಿನಲ್ಲಿ ಒಂದು ತಪ್ಪೂ ಇರಲಿಲ್ಲ. ಈ ಮಾತು ಕೇಳಬೇಕಾದವರು ಈಗಿಲ್ಲ.